ಬೋಧಕರ ಕುದುರೆ, ಬಟ್ಟೆ ಒಗೆಯುವ ಕಲ್ಲು

ಅಣ್ಣ ತಮ್ಮಂದಿರನ್ನು ಹೆತ್ತವರು ಕೊಡುತ್ತಾರೆ, ಗೆಳೆಯರನ್ನು ನಾವೇ ಆರಿಸಿಕೊಳ್ಳುತ್ತೇವೆ. ಷಡ್ಡಕ ಮಾತ್ರ ಹೆಂಡತಿಯ ಜೊತೆ ತಾನಾಗಿ ಬರುತ್ತಾನೆ, ವಾಪಸು ಮಾಡುವ ಹಾಗಿಲ್ಲ. ನಮ್ಮ ಸೋಫಾ ಮಾಸ್ಟರಿಗೆ ಹಾಗೆ ಬಂದವರು ಹಲ್ಲಿನ ಡಾಕ್ಟರು, ಹೆಂಡತಿಯ ಅಕ್ಕನ ಗಂಡ.

ಮಾಸ್ಟರು ಸೋಫಾಗಳಿಗೆ ಸ್ಪ್ರಿಂಗು, ನಾರು, ಸ್ಪಂಜು ತುಂಬಿ ಹೊಸ ಬಟ್ಟೆ ಹೊಲಿಯುವ ಕೆಲಸದವರು. ಕೈ ಒಳ್ಳೆಯದು. ಕೆಲಸ ಮಾಡುವಾಗ ಸಣ್ಣ ಮೊಳೆಗಳನ್ನು ತುಟಿಯ ನಡುವೆ ಕಚ್ಚಿಕೊಂಡಿರುತ್ತಿದ್ದರಿಂದ ಹೆಚ್ಚು ಮಾತಾಡುತ್ತಿರಲಿಲ್ಲ. ಊರಿನವರು ಇದನ್ನು ಒಳ್ಳೆಯ ಗುಣವೆಂದು ತಿಳಿದಿದ್ದರು. ಮೊಳೆ ಇಲ್ಲದಾಗ ಅವರ ಬಾಯಿ ಹೇಗಿರುತ್ತದೆ ಎಂದು ಗೊತ್ತಿದ್ದದ್ದು ಹೆಂಡತಿಗೆ ಮಾತ್ರ.

ಮಾವ ತೀರಿಕೊಳ್ಳುವ ಮೊದಲು ತಮ್ಮ ಜಾಗವನ್ನು ಇಬ್ಬರು ಹೆಣ್ಣುಮಕ್ಕಳಿಗೆ ಹಂಚಿದ್ದರು. ದೊಡ್ಡವಳಿಗೆ ದೊಡ್ಡ ಮನೆ, ಹಿಂದೊಂದು ಹಾಳು ಶೆಡ್ಡು. ಚಿಕ್ಕವಳಿಗೆ ಚಿಕ್ಕ ಮನೆ, ಹಿಂದೊಂದು ಬಟ್ಟೆ ಒಗೆಯುವ ಕಲ್ಲು. ನಡುವೆ ಸೊಂಟದೆತ್ತರದ ಗೋಡೆ. ಅತ್ತೆ ಯಾರ ಪಾಲಿಗೂ ಪೂರ್ತಿ ಸೇರಲಿಲ್ಲ. ಬೆಳಗಿನ ಕಾಫಿಗೆ ಆ ಮನೆ, ಮಧ್ಯಾಹ್ನದ ನಿದ್ದೆಗೆ ಈ ಮನೆ. "ಕಾಫಿ ಅಲ್ಲಿ ಚೆನ್ನಾಗಿರುತ್ತೆ, ಸೋಫಾ ಇಲ್ಲಿ ಚೆನ್ನಾಗಿದೆ. ಅಳಿಯಂದಿರು ಎರಡೂ ಕಡೆ ಒಂದೇ" ಎಂದು ಅವರು ಹೇಳುತ್ತಿದ್ದರು. ಆ ಕೊನೆಯ ಮಾತು ಮಾಸ್ಟರಿಗೆ ಸಮಾಧಾನ ಕೊಡುತ್ತಿರಲಿಲ್ಲ.

ಯಾಕೆಂದರೆ ಮಾಸ್ಟರ ಹೊಟ್ಟೆಯಲ್ಲಿ ಷಡ್ಡಕನ ಹೆಸರಲ್ಲಿ ಒಂದು ಒಲೆ ಸದಾ ಉರಿಯುತ್ತಿತ್ತು. ಡಾಕ್ಟರು ಕಾರು ಕೊಂಡಾಗ ಮಾಸ್ಟರು ತಿಂಗಳುಗಟ್ಟಲೆ ಕಾರಿನ ಹೊಗೆಗೆ ಕೆಮ್ಮಿದರು, ಕಾರು ಶೆಡ್ಡಿಲ್ಲದೆ ಬೀದಿಯಲ್ಲೇ ಸುಮ್ಮನೆ ನಿಂತಿದ್ದಾಗಲೂ ಕೆಮ್ಮಿದರು. ಡಾಕ್ಟರು ಕನ್ನಡಕ ಹಾಕಿಕೊಂಡ ವರ್ಷ ಇವರಿಗೂ ಕಣ್ಣು ಮಂಜಾಯಿತು. ಕಣ್ಣಿನ ವೈದ್ಯರು ಪರೀಕ್ಷೆ ಮಾಡಿ, "ನಿಮ್ಮ ಕಣ್ಣು ಹದ್ದಿನ ಕಣ್ಣು, ಏನೂ ಬೇಡ" ಎಂದರು. ಮಾಸ್ಟರು ಬಾಡಿದ ಮುಖದಿಂದ ಹೊರಬಂದು ಪಕ್ಕದ ಅಂಗಡಿಯಲ್ಲಿ ಬರೀ ಗಾಜಿನ ಕನ್ನಡಕ ಕೊಂಡರು. ಡಾಕ್ಟರದಕ್ಕಿಂತ ಕಟ್ಟು ಸ್ವಲ್ಪ ದಪ್ಪನೆಯದು.

ಇಂಥ ಮನುಷ್ಯನ ಪಕ್ಕದ ಮನೆಯಲ್ಲಿ ಇತಿಹಾಸ ಸಿಕ್ಕಿಬಿಟ್ಟಿತು.

ಆದದ್ದು ಹೀಗೆ. ಕಾರು ನಿಲ್ಲಿಸಲು ಜಾಗ ಬೇಕೆಂದು ಡಾಕ್ಟರು ಹಿಂದಿನ ಶೆಡ್ಡು ಕೆಡವಲು ನಗರಸಭೆಯನ್ನು ಕೇಳಿದರು. ನೋಡಲು ಬಂದ ಇಂಜಿನಿಯರಿಗೆ ಆ ಗೋಡೆಯ ದಪ್ಪ, ತೊಲೆಯ ಕೆತ್ತನೆ ವಿಚಿತ್ರವೆನಿಸಿ, ಅವರು ಪರಂಪರೆ ಇಲಾಖೆಯವರಿಗೆ ಒಂದು ಮಾತು ಹಾಕಿದರು. ಇಲಾಖೆಯ ಮೇಡಂ ಬಂದರು. ಶೆಡ್ಡಿನೊಳಗೆ ಮುರಿದ ಹಲ್ಲಿನ ಕುರ್ಚಿ, ಹಳೇ ಬೀರು, ಒಂದು ಎತ್ತರದ ಹಲಗೆಯ ಮೇಲೆ ಸಾಲಾಗಿ ಬಾಯಿ ತೆರೆದು ಕೂತ ಪ್ಲಾಸ್ಟರಿನ ದವಡೆಗಳು. ಮೇಡಂ ದವಡೆಗಳನ್ನು ಒಂದೊಂದಾಗಿ ಕೆಳಗಿಳಿಸಿ, ಹಲಗೆಯ ಧೂಳು ಒರೆಸಿ, ಅಲ್ಲೇ ನಿಂತುಬಿಟ್ಟರು.

"ಇದು ಬೋಧನಾ ಪೀಠ" ಎಂದರು. "ಈ ಊರಿಗೆ ಮೊದಲು ಬಂದ ಮೆಥೊಡಿಸ್ಟ್ ಕ್ರೈಸ್ತರು ಸೇರುತ್ತಿದ್ದ ಮನೆ ಇದೇ. ಇದನ್ನ ನಾವು ಎಲ್ಲೆಲ್ಲೋ ಹುಡುಕ್ತಿದ್ದೀವಿ!"

ಕೆಡವಲು ಸುತ್ತಿಗೆ ತರಿಸಿದ್ದ ಡಾಕ್ಟರು ಆ ಕ್ಷಣವೇ ಸುತ್ತಿಗೆಯನ್ನು ಬೆನ್ನ ಹಿಂದೆ ಅಡಗಿಸಿ, "ನನಗೆ ಮೊದಲಿಂದಲೂ ಅನುಮಾನ ಇತ್ತು ಮೇಡಂ. ಅದಕ್ಕೇ ಜೋಪಾನವಾಗಿ ಕಾಪಾಡಿಕೊಂಡು ಬಂದೆ" ಎಂದರು.

ಎರಡೂ ಮನೆಯವರು ಮೆಥೊಡಿಸ್ಟ್ ಸಭೆಗೆ ಸೇರಿದವರೇ. ದೊಡ್ಡ ರಸ್ತೆಯಲ್ಲಿ ಫ್ಯಾನು, ಮೈಕು, ಬಣ್ಣದ ಗಾಜು ಎಲ್ಲ ಇರುವ ಚರ್ಚಿಗೆ ಪ್ರತಿ ಭಾನುವಾರ ಹೋಗುವವರು. ಆದರೆ ಆ ಚರ್ಚು ಹುಟ್ಟುವ ಮೊದಲು ಏನಿತ್ತು, ಯಾರಿದ್ದರು ಎಂದು ಯಾರೂ ಕೇಳಿರಲಿಲ್ಲ. ಈಗ ಎಲ್ಲರೂ ಕೇಳತೊಡಗಿದರು, ಅದೂ ಡಾಕ್ಟರನ್ನು.

ಪತ್ರಿಕೆಯಲ್ಲಿ ಡಾಕ್ಟರ ಫೋಟೋ ಬಂತು. ಕೈ ಪೀಠದ ಮೇಲೆ, ನೋಟ ದಿಗಂತದ ಕಡೆ. ಕೆಳಗೆ ಅವರ ಮಾತು: "ನಮ್ಮ ಪೂರ್ವಿಕರು ಆ ಕಷ್ಟಕಾಲದಲ್ಲಿ ಬೋಧಕರಿಗೆ ಈ ಜಾಗ ಬಿಟ್ಟುಕೊಟ್ಟರು."

"ಪೂರ್ವಿಕರಾ!" ಮಾಸ್ಟರು ಪತ್ರಿಕೆಯನ್ನು ಹೆಂಡತಿಯ ಮುಂದೆ ಬಡಿದರು. "ಜಾಗ ನಿಮ್ಮಪ್ಪಂದು! ಇವನ ಪೂರ್ವಿಕರು ಈ ಊರನ್ನ ಭೂಪಟದಲ್ಲೂ ನೋಡಿರಲಿಲ್ಲ!"

"ಹೋಗ್ಲಿ ಬಿಡಿ, ಭಾವ ಹಾಗೇ. ನಿಮಗ್ಯಾಕೆ?" ಎಂದಳು ಹೆಂಡತಿ, ಒಗೆಯುವ ಬಟ್ಟೆಗಳನ್ನು ಬಕೆಟ್ಟಿಗೆ ತುಂಬುತ್ತ.

ನಿಮಗ್ಯಾಕೆ ಎನ್ನುವುದು ಹೊಟ್ಟೆಕಿಚ್ಚಿನವನನ್ನು ಕೇಳಬಾರದ ಪ್ರಶ್ನೆ. ಅದಕ್ಕೆ ಉತ್ತರ ಇದ್ದಿದ್ದರೆ ಹೊಟ್ಟೆಕಿಚ್ಚೇ ಇರುತ್ತಿರಲಿಲ್ಲ.

ಬೀದಿಯೂ ಉರಿಗೆ ತುಪ್ಪ ಸುರಿಯಿತು. ದಿನಸಿ ಅಂಗಡಿಯವನು ಡಾಕ್ಟರನ್ನು ಕಂಡರೆ ಕೂತಲ್ಲಿಂದ ಏಳತೊಡಗಿದ. ನಿವೃತ್ತ ಪೋಸ್ಟ್ ಮಾಸ್ಟರು ಸಂಜೆಯ ವಾಕಿಂಗಿನಲ್ಲಿ ಡಾಕ್ಟರ ಬಲಕ್ಕೆ ನಡೆಯುವ ಹಕ್ಕನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ಹಲ್ಲು ನೋವಿಲ್ಲದವರೂ ಕ್ಲಿನಿಕ್ಕಿಗೆ ಬಂದು ಬಾಯಿ ತೆರೆದು ಕೂತರು. ಕೊನೆಗೆ ಹಳೇ ಸೋಫಾ ತಂದ ಹೆಂಗಸೊಬ್ಬಳು ಮಾಸ್ಟರ ಅಂಗಡಿಯಲ್ಲೇ, "ಆ ಪರಂಪರೆ ಡಾಕ್ಟರಿಗೆ ನೀವು ಏನಾಗಬೇಕು?" ಎಂದು ಕೇಳಿದಳು. ಮಾಸ್ಟರು ಗಕ್ಕನೆ ಉಸಿರೆಳೆದುಕೊಂಡರು. ತುಟಿಯಲ್ಲಿದ್ದ ಮೊಳೆ ಗಂಟಲ ಬಾಗಿಲವರೆಗೆ ಹೋಗಿ, ಒಳಗಿನ ಬಿಸಿಗೆ ಹೆದರಿ ವಾಪಸು ಬಂತು.

ಆ ವಾರ ಡಾಕ್ಟರು ಇಲಾಖೆಯ ಮೇಡಂ ಮತ್ತು ಚರ್ಚಿನ ಪಾಸ್ಟರನ್ನು ಊಟಕ್ಕೆ ಕರೆದರು. ಹೆಂಡತಿಯ ಒತ್ತಾಯಕ್ಕೆ ಚಿಕ್ಕಳಿಯನಿಗೂ ಒಂದು ಕುರ್ಚಿ ಸಿಕ್ಕಿತು, ಬಾಗಿಲ ಬಳಿ. ಅತ್ತೆಯೂ ಇದ್ದರು. ಅವರ ದವಡೆ ಹಲ್ಲನ್ನು ಡಾಕ್ಟರು ಅಂದೇ ಬೆಳಿಗ್ಗೆ ಕಿತ್ತು, ಆ ಜಾಗಕ್ಕೆ ಹತ್ತಿ ತುರುಕಿ, "ಬಾಯಿ ಬಿಡಬೇಡಿ" ಎಂದು ಆಜ್ಞೆ ಮಾಡಿದ್ದರು. ಆ ಮನೆಯಲ್ಲಿ ಅಂಥ ಆಜ್ಞೆ ಹೊರಟದ್ದೂ ಪಾಲನೆಯಾದದ್ದೂ ಅದೇ ಮೊದಲು.

ಊಟದುದ್ದಕ್ಕೂ ಡಾಕ್ಟರು ಪೂರ್ವಿಕರನ್ನು ಬಡಿಸಿದರು. ಮೇಡಂ ತಲೆಯಾಡಿಸಿದರು. ಪಾಸ್ಟರು "ಅದ್ಭುತ, ಅದ್ಭುತ" ಎಂದರು. ಮಾಸ್ಟರಿಗೆ ತಡೆಯಲಾಗಲಿಲ್ಲ. ಆ ಹೊತ್ತಿಗೆ ಬಾಯಲ್ಲಿ ಮೊಳೆ ಇರಲಿಲ್ಲ.

"ನಮ್ಮ ಹಿತ್ತಲಲ್ಲೂ ಒಂದು ಹಳೇ ಕಲ್ಲಿದೆ" ಎಂದರು.

ಅವರು ಹೇಳಿದ್ದು ಇಷ್ಟೇ. ನ್ಯಾಯವಾಗಿ ಹೇಳಬೇಕೆಂದರೆ ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಕಲ್ಲು ಇತ್ತು, ಹಿತ್ತಲಲ್ಲಿತ್ತು, ಕಲ್ಲುಗಳೆಲ್ಲ ಹಳೆಯವೇ.

ಮೇಡಂ ಚಮಚ ಕೆಳಗಿಟ್ಟರು. "ಎಂಥ ಕಲ್ಲು?"

"ಚಪ್ಪಟೆ ಕಲ್ಲು. ಮಂಡಿಯೆತ್ತರ. ಮೇಲೆ ಸವೆದಿದೆ."

"ಸವೆದಿದೆಯಾ! ಒಂದು ಕಡೆ ಮೆಟ್ಟಿಲಿನ ಹಾಗೆ ಇದೆಯಾ?"

ಸೋಪು ಇಡಲು ಮಾವ ಹಾಕಿಸಿದ್ದ ಒಂದು ಚಿಕ್ಕ ಕಲ್ಲು ಪಕ್ಕದಲ್ಲಿತ್ತು. "ಇದೆ" ಎಂದರು ಮಾಸ್ಟರು.

"ಕುದುರೆ ಹತ್ತುವ ಕಲ್ಲು!" ಮೇಡಂ ಎದ್ದೇ ನಿಂತರು. "ಆಗಿನ ಬೋಧಕರು ಊರಿಂದ ಊರಿಗೆ ಕುದುರೆ ಮೇಲೆ ಹೋಗ್ತಿದ್ರು. ಪ್ರಾರ್ಥನೆ ಮನೆ ಪಕ್ಕದಲ್ಲಿ ಕುದುರೆ ಹತ್ತೋಕೆ ಇಳಿಯೋಕೆ ಕಲ್ಲು ಇರಲೇಬೇಕು. ಅಲ್ವಾ ಅಜ್ಜಿ? ನಿಮಗೆ ಗೊತ್ತಿರಬೇಕು!"

ಅತ್ತೆ ಕಣ್ಣರಳಿಸಿ, ಕೈ ಬೀಸಿ, ಹತ್ತಿಯ ಹಿಂದಿನಿಂದ "ಊಂ ಊಂ ಊಂ!" ಎಂದರು.

"ನೋಡಿ, ಅಜ್ಜಿನೂ ಹೌದು ಅಂತಿದ್ದಾರೆ!"

ಅತ್ತೆ ಇನ್ನೂ ಜೋರಾಗಿ ಊಂ ಎಂದರು. ಪಾಸ್ಟರು ಕಣ್ಣೊರೆಸಿಕೊಂಡು, "ಹಿರಿಯರಿಗೆ ಎಷ್ಟು ಭಾವುಕತೆ" ಎಂದರು. ಮಾಸ್ಟರು ಅತ್ತೆಯ ಕಡೆ ನೋಡದೆ, ಡಾಕ್ಟರ ಕಡೆ ನೋಡಿದರು. ಷಡ್ಡಕನ ಮುಖ ಬೇಯದ ಬೇಳೆಯಂತಾಗಿತ್ತು. ಆ ಮುಖ ನೋಡಿದ ಮೇಲೆ ಸತ್ಯ ಹೇಳುವ ಶಕ್ತಿ ಯಾವ ಷಡ್ಡಕನಿಗೆ ತಾನೆ ಇರುತ್ತದೆ?

ಮರುದಿನವೇ ಕಲ್ಲಿನ ಸುತ್ತ ಹಗ್ಗ ಬಂತು, ಆಮೇಲೆ ಕಬ್ಬಿಣದ ಬೇಲಿ, ಆಮೇಲೆ "ಮುಟ್ಟಬಾರದು" ಎಂಬ ಫಲಕ. ಮಾಸ್ಟರ ಹೆಂಡತಿ ಬಕೆಟ್ಟು ಹಿಡಿದು ಹಿತ್ತಲಿಗೆ ಬಂದವಳು ಫಲಕದ ಮುಂದೆ ನಿಂತಳು.

"ನಾನು ಬಟ್ಟೆ ಎಲ್ಲಿ ಒಗೀಲಿ?"

"ಬಚ್ಚಲಲ್ಲಿ ಒಗಿ."

"ಬಚ್ಚಲಲ್ಲಿ ಒಗೆದರೆ ನಿಮ್ಮ ಶರಟಿನ ಕಾಲರು ಬೆಳ್ಳಗಾಗಲ್ಲ."

"ಕಾಲರು ಇವತ್ತಿರುತ್ತೆ ನಾಳೆ ಹೋಗುತ್ತೆ. ಇದು ಮುಂದಿನ ಪೀಳಿಗೆಯ ಪ್ರಶ್ನೆ."

"ಮುಂದಿನ ಪೀಳಿಗೆನೂ ಕೊಳೆ ಬಟ್ಟೆ ಹಾಕ್ಕೊಂಡೇ ಬರಲಿ" ಎಂದು ಅವಳು ಬಕೆಟ್ಟು ಕುಕ್ಕಿ ಒಳಗೆ ಹೋದಳು.

ಅತ್ತೆಯ ಬಾಯಿಂದ ಹತ್ತಿ ಹೊರಬಂದ ಕೂಡಲೇ ಅವರು ಚಿಕ್ಕಳಿಯನನ್ನು ಕರೆದು, "ಏನ್ರೀ ಇದು, ಆ ಕಲ್ಲು..." ಎಂದು ಶುರು ಮಾಡಿದರು. ಮಾಸ್ಟರು ಅವರನ್ನು ಕೈಹಿಡಿದು ಹೊಸ ಸ್ಪ್ರಿಂಗು ಹಾಕಿದ ಸೋಫಾದಲ್ಲಿ ಕೂರಿಸಿದರು. ಸೋಫಾ ಎಷ್ಟು ಮೆತ್ತಗಿತ್ತೆಂದರೆ ಅತ್ತೆ ವಾಕ್ಯ ಮುಗಿಸುವ ಮೊದಲೇ ನಿದ್ದೆ ಹೋದರು. ಅಂದಿನಿಂದ ಅತ್ತೆ ಬಾಯಿ ತೆರೆದಾಗಲೆಲ್ಲ ಮಾಸ್ಟರು ಒಂದು ದಿಂಬು ತರುತ್ತಿದ್ದರು.

ಈಗ ಜನ ಗೋಡೆಯ ಈಚೆಗೂ ಬರತೊಡಗಿದರು. ಬಂದವರು, "ಕುದುರೆ ಯಾವ ಬಣ್ಣದ್ದಿತ್ತು?" ಎಂದು ಕೇಳಿದರು. ಮಾಸ್ಟರು ಒಂದು ಕ್ಷಣ ಯೋಚಿಸಿ, "ಕಂದು" ಎಂದರು. ಮರುದಿನಕ್ಕೆ ಹಣೆಯ ಮೇಲೆ ಬಿಳಿ ಚುಕ್ಕೆ ಬಂತು. ವಾರದೊಳಗೆ ಕುದುರೆಗೆ ಒಂದು ಕಾಲು ಕುಂಟಾಗಿ, ಆ ಕುಂಟು ಕಾಲಿನಲ್ಲೇ ಅದು ಬೋಧಕರನ್ನು ಹೊಳೆ ದಾಟಿಸಿತು. ಮಾಸ್ಟರು ಹೇಳುತ್ತ ಹೇಳುತ್ತ ತಾವೇ ಗದ್ಗದರಾಗುತ್ತಿದ್ದರು. ಸುಳ್ಳಿಗೆ ಕಾಲಿಲ್ಲ ಎನ್ನುತ್ತಾರೆ. ಮಾಸ್ಟರ ಸುಳ್ಳಿಗೆ ಮೂರೂವರೆ ಕಾಲಿದ್ದವು.

ಡಾಕ್ಟರು ಸುಮ್ಮನಿದ್ದಾರೆಯೇ? ಗೋಡೆಯಾಚೆ ಅವರೂ ಶುರು ಮಾಡಿದರು. ಬೋಧಕರಿಗೆ ಬೋಧನೆಯ ನಡುವೆ ಹಲ್ಲುನೋವು ಬಂದಿತ್ತಂತೆ. ಡಾಕ್ಟರ ಮುತ್ತಾತ ಪೀಠದ ಮೇಲೇ ಹಲ್ಲು ಕಿತ್ತರಂತೆ. ಬೋಧಕರು ಅರ್ಧಕ್ಕೆ ನಿಂತ ವಾಕ್ಯವನ್ನು ಅಲ್ಲಿಂದಲೇ ಮುಂದುವರಿಸಿದರಂತೆ.

"ಆ ಹಲ್ಲು ಎಲ್ಲಿ?" ಎಂದು ಗೋಡೆಯ ಮೇಲಿಂದ ಮಾಸ್ಟರು ಕೂಗಿದರು.

"ಆ ಕುದುರೆ ಎಲ್ಲಿ?" ಎಂದು ಅಲ್ಲಿಂದ ಉತ್ತರ ಬಂತು.

ಬೀದಿಗೂ ಈ ಜ್ವರ ಹತ್ತಿತು. ಕುದುರೆಗೆ ಹುರುಳಿ ಕೊಟ್ಟದ್ದು ತನ್ನ ತಾತನ ತಾತ ಎಂದು ದಿನಸಿಯವನು ಅಂಗಡಿಯ ಮುಂದೆ ಬರೆಸಿದ. ಕ್ಷೌರದವನು ಬೋಧಕರ ಗಡ್ಡಕ್ಕೆ ಹಕ್ಕು ಹೂಡಿದ. ನಿವೃತ್ತ ಪೋಸ್ಟ್ ಮಾಸ್ಟರು ಯಾರ ಪಕ್ಷ ಸೇರುವುದೆಂದು ತಿಳಿಯದೆ ಗೋಡೆಯ ಮೇಲೆಯೇ ಕೂರತೊಡಗಿದರು.

ಇಷ್ಟರಲ್ಲಿ ಮೇಡಂ ಒಂದು ದಿನ ಸಪ್ಪೆ ಮುಖ ಮಾಡಿಕೊಂಡು ಬಂದರು. ಇಲಾಖೆಯ ದೊಡ್ಡ ಸಾಹೇಬರು ಈ ವರ್ಷ ಈ ಊರಲ್ಲಿ ಒಂದನ್ನು ಮಾತ್ರ ಸಂರಕ್ಷಿಸಲು ಒಪ್ಪಿದ್ದಾರಂತೆ. ಶೆಡ್ಡಿನ ಮಾಡು ಸೋರುತ್ತದೆ, ತೊಲೆಗೆ ಗೆದ್ದಲು, ಗೋಡೆ ಬಿರುಕು. ಅದಕ್ಕೆ ಬೇಕಾದ ಕೆಲಸ ದೊಡ್ಡದು. ಕಲ್ಲಿಗೇನು? ಮೇಲೊಂದು ಚಪ್ಪರ ಹಾಕಿದರೆ ಆಯಿತು. ಸಾಹೇಬರು ಕಲ್ಲನ್ನೇ ಆರಿಸಿದ್ದರು.

"ಮತ್ತೆ ಶೆಡ್ಡು?" ಎಂದರು ಪಾಸ್ಟರು.

"ಫೋಟೋ ತೆಗೆದು ಇಟ್ಕೋತೀವಿ. ಬೀಳೋವರೆಗೂ ಇರುತ್ತೆ" ಎಂದರು ಮೇಡಂ.

ಮಾಸ್ಟರು ಗೆದ್ದಿದ್ದರು. ಮನೆಗೆ ಬಂದು ಕನ್ನಡಿಯ ಮುಂದೆ ನಿಂತು, ಗೆದ್ದವನ ಮುಖ ಹೇಗಿರುತ್ತದೆ ಎಂದು ನೋಡಿಕೊಂಡರು. ಚೆನ್ನಾಗಿತ್ತು. ಕಾಲರು ಮಾತ್ರ ಮಾಸಿತ್ತು.

ಚಪ್ಪರದ ಉದ್ಘಾಟನೆಯ ಬೆಳಿಗ್ಗೆ ಹಿತ್ತಲು ಜನರಿಂದ ತುಂಬಿತು. ದೊಡ್ಡ ಸಾಹೇಬರು ಕತ್ತರಿ ಹಿಡಿದು ನಿಂತಿದ್ದರು. ಪತ್ರಿಕೆಯ ಫೋಟೋದವನು ಕಲ್ಲಿನ ಮೇಲೆ ಬೆಳಕು ಹೇಗೆ ಬೀಳುತ್ತದೆ ಎಂದು ಅಳೆಯುತ್ತಿದ್ದ. ಸಾಹೇಬರು, "ಆ ಅಜ್ಜಿ ಎಲ್ಲಿ? ಕಲ್ಲಿನ ಪಕ್ಕ ಒಬ್ಬ ಹಿರಿಯರು ಇರಲಿ" ಎಂದರು. ಮಾಸ್ಟರು ಸೋಫಾದ ಮೇಲೆ ನೋಡಿದರು. ದಿಂಬುಗಳು ಮಾತ್ರ ಇದ್ದವು.

ಗೋಡೆ ಹಾರಿ ಶೆಡ್ಡಿಗೆ ಹೋದರೆ ಅತ್ತೆ ಅಲ್ಲಿದ್ದರು. ನಡುವಿನ ಒಂದು ಹಳೇ ಬೆಂಚಿನ ಮೇಲೆ, ಮಡಿಲಲ್ಲಿ ಕೈಯಿಟ್ಟು. ಎದುರಿಗೆ ಡಾಕ್ಟರು ಅಂಗಿಯ ತೋಳು ಮಡಿಸಿ ಬೀರುವನ್ನು ಎಳೆಯುತ್ತಿದ್ದರು. ಇಲಾಖೆ ಕೈಬಿಟ್ಟ ಮೇಲೆ ಪೂರ್ವಿಕರನ್ನೂ ಕೈಬಿಟ್ಟು ಅವರು ಮತ್ತೆ ಕಾರಿನ ಶೆಡ್ಡಿಗೆ ಮರಳಿದ್ದರು.

"ದೊಡ್ಡಳಿಯಂದಿರೇ, ಆ ಬೀರು ಎಳೀಬೇಡಿ. ತೊಲೆ ಅದರ ಮೇಲೇ ನಿಂತಿದೆ" ಎಂದರು ಅತ್ತೆ.

"ನಾನೇನು ಓದಿಲ್ಲವಾ? ನನಗೆ ಗೊತ್ತಾಗಲ್ವಾ?" ಎಂದು ಡಾಕ್ಟರು ಇನ್ನೊಮ್ಮೆ ಎಳೆದರು.

ಬೀರು ಬಂತು. ಅದರ ಹಿಂದೆಯೇ, ಹಣ್ಣಾದ ಹಲ್ಲು ಸಡಿಲವಾದ ಹಾಗೆ, ತೊಲೆಯ ಒಂದು ತುದಿ ಗೋಡೆಯಿಂದ ಕಳಚಿ ಕೆಳಗೆ ಬಂತು. ಡಾಕ್ಟರು ಎರಡೂ ಕೈ ಎತ್ತಿ ಹಿಡಿದರು. ಭಾರಕ್ಕೆ ಅವರ ಮಂಡಿ ಬಗ್ಗಿತು. ಮಾಸ್ಟರು ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ಓಡಿಬಂದು ಪಕ್ಕದಲ್ಲಿ ಹೆಗಲು ಕೊಟ್ಟು ಕೈಯೆತ್ತಿದರು. ತೊಲೆ ನಿಂತಿತು. ಮಾಡಿನಿಂದ ಧೂಳು ಸುರಿಯಿತು.

"ಅತ್ತೆ, ಹೊರಗೆ ಹೋಗಿ!" ಎಂದು ಇಬ್ಬರೂ ಒಟ್ಟಿಗೆ ಕಿರುಚಿದರು. ಮದುವೆಯಾದಾಗಿನಿಂದ ಇಬ್ಬರೂ ಒಂದೇ ಮಾತು ಆಡಿದ್ದು ಅದೇ ಮೊದಲು.

ಸದ್ದು ಕೇಳಿ ಜನರೆಲ್ಲ ಕಲ್ಲನ್ನು ಬಿಟ್ಟು ಈ ಕಡೆ ಓಡಿಬಂದರು. ಸಾಹೇಬರು, ಮೇಡಂ, ಪಾಸ್ಟರು, ದಿನಸಿಯವನು, ಕ್ಷೌರದವನು, ಕ್ಯಾಮೆರಾ ಹಿಡಿದ ಫೋಟೋದವನು, ಎಲ್ಲರೂ ಬಾಗಿಲಲ್ಲಿ. ಚಪ್ಪರ ಹಾಕಿದ್ದ ಬಡಗಿಗಳು ಆನಿಕೆಗೆ ಮರ ತರಲು ಅತ್ತ ಓಡಿದರು. ಹೆಣ್ಣುಮಕ್ಕಳಿಬ್ಬರೂ "ಅಮ್ಮಾ, ಬಾ ಈಚೆಗೆ!" ಎಂದು ಕೂಗಿದರು.

ಅತ್ತೆ ಬಾಗಿಲ ತುಂಬ ನಿಂತ ಮುಖಗಳನ್ನು ನೋಡಿದರು. ತಲೆಯ ಮೇಲಿನ ತೊಲೆಯನ್ನು, ಕೈ ಬಿಡಲಾಗದ ಅಳಿಯಂದಿರನ್ನು ನೋಡಿದರು. ಬಾಯಲ್ಲಿ ಹತ್ತಿ ಇರಲಿಲ್ಲ. ಹತ್ತಿರದಲ್ಲೆಲ್ಲೂ ದಿಂಬು ಇರಲಿಲ್ಲ. ಅವರು ಸೆರಗು ಸರಿಮಾಡಿಕೊಂಡು ಆರಾಮಾಗಿ ಕೂತರು.

"ಇಬ್ಬರು ಅಳಿಯಂದಿರು ಹಿಡಕೊಂಡಿದ್ದಾರಲ್ಲ, ನನಗೇನು ಭಯ?" ಎಂದರು. "ನಾನು ಹೇಳೋದು ಸ್ವಲ್ಪ ಕೇಳಿ. ಆ ಕಲ್ಲಿದೆಯಲ್ಲ, ಅದು ಯಾವ ಕುದುರೆದೂ ಅಲ್ಲ. ನಮ್ಮನೆಯವರು ನನಗೆ ಬಟ್ಟೆ ಒಗೆಯೋಕೆ ತಂದು ಹಾಕಿದ್ದು. ನಮ್ಮ ಚಿಕ್ಕವಳು ಹುಟ್ಟಿದಾಗ ಬಟ್ಟೆ ಜಾಸ್ತಿ ಆಯ್ತು, ಅದಕ್ಕೆ."

ಎಲ್ಲರೂ ಮಾಸ್ಟರ ಕಡೆ ತಿರುಗಿದರು. ಮಾಸ್ಟರಿಗೆ ಮುಖ ಮುಚ್ಚಿಕೊಳ್ಳಬೇಕೆನಿಸಿತು. ಕೈಗಳು ಖಾಲಿ ಇರಲಿಲ್ಲ.

ಡಾಕ್ಟರು ಅಷ್ಟು ಭಾರದಲ್ಲೂ ಮುಗುಳ್ನಕ್ಕರು. ಅತ್ತೆ ಅವರ ಕಡೆಗೂ ತಿರುಗಿದರು. "ಇವರ ಪೂರ್ವಿಕರು ಯಾರೂ ಇಲ್ಲಿ ಕಾಲಿಟ್ಟಿಲ್ಲ. ಹಲ್ಲೂ ಕಿತ್ತಿಲ್ಲ. ಜಾಗ ನಮ್ಮನೆಯವರ ಕಡೆಯವರದ್ದು, ಅವರೂ ದೊಡ್ಡ ಮನಸ್ಸಿಂದ ಕೊಡಲಿಲ್ಲ. ಹುಲ್ಲು ಹಾಕೋ ಕೊಟ್ಟಿಗೆ, ಖಾಲಿ ಬಿದ್ದಿತ್ತು, ಇದ್ದುಕೊಳ್ಳಿ ಅಂದರು ಅಷ್ಟೆ."

"ಮತ್ತೆ ಇಲ್ಲಿ ಯಾರು ಸೇರ್ತಿದ್ರು ಅಜ್ಜಿ?" ಮೇಡಂ ಮೆಲ್ಲಗೆ ಒಳಗೆ ಬಂದು, ಜನ ಎಳೆದರೂ ಕೇಳದೆ, ಬೆಂಚಿನ ಇನ್ನೊಂದು ತುದಿಯಲ್ಲಿ ಕೂತರು.

"ನಮ್ಮಜ್ಜಿ ಸೇರ್ತಿದ್ದಳು. ಮನೆಮನೆಯಲ್ಲಿ ಪಾತ್ರೆ ತಿಕ್ಕೋಳು ಅವಳು. ಇನ್ನೊಬ್ಬ ಇಟ್ಟಿಗೆ ಹೊರೋನು. ಒಬ್ಬ ಕುಡಿದು ಕುಡಿದು ಬಿಟ್ಟೋನು. ದೊಡ್ಡವರ ದೇವಾಲಯದಲ್ಲಿ ಇವರಿಗೆ ಗೋಡೆ ಪಕ್ಕ ನಿಲ್ಲೋ ಜಾಗ. ಬೋಧಕ ಬಂದ ದಿನ ಮೊದಲು ಅಜ್ಜಿಯ ಹೆಸರು ಕೇಳಿದನಂತೆ. ಅವಳಿಗೆ ಹೇಳೋಕೇ ಬರಲಿಲ್ಲ. ಎಲ್ಲರೂ ಅವಳನ್ನ 'ಏಯ್' ಅಂತಲೇ ಕರೀತಿದ್ದರಂತೆ, ಹೆಸರು ಹೇಳಿ ರೂಢಿನೇ ಇರಲಿಲ್ಲ."

ಬಾಗಿಲಲ್ಲಿ ದಿನಸಿಯವನು ಟೋಪಿ ತೆಗೆದ.

"ಅತ್ತೆ, ಬೇಗ ಬೇಗ..." ಎಂದು ಡಾಕ್ಟರು ನರಳಿದರು.

"ಹಾಡು ಹೇಳ್ತಿದ್ದರು, ಆಮೇಲೆ ಹೀಗೇ ಸುತ್ತ ಕೂರ್ತಿದ್ದರು. ಒಬ್ಬೊಬ್ಬರನ್ನೂ ಕೇಳೋದು, ನಿನ್ನ ಆತ್ಮ ಹೇಗಿದೆ ಅಂತ. ಕೇಳಿದ ಮೇಲೆ ನಿಜ ಹೇಳಲೇಬೇಕು. ಪಾತ್ರೆ ತಿಕ್ಕೋಳಿಗೂ ಅದೇ ಪ್ರಶ್ನೆ, ಬೋಧಕನಿಗೂ ಅದೇ ಪ್ರಶ್ನೆ." ಅತ್ತೆ ತಲೆಯೆತ್ತಿದರು. "ಚಿಕ್ಕಳಿಯಂದಿರೇ, ನಿಮ್ಮ ಆತ್ಮ ಹೇಗಿದೆ?"

ಮಾಸ್ಟರ ಬೆವರು ಕನ್ನಡಕದ ಬರೀ ಗಾಜಿನ ಮೇಲೆ ಇಳಿಯುತ್ತಿತ್ತು. ಸುಳ್ಳು ಹೇಳಲು ಒಂದಿಷ್ಟು ಉಸಿರು ಮಿಗಿಸಿಕೊಂಡಿರಬೇಕಾಗುತ್ತದೆ. ಅವರ ಬಳಿ ಅದಿರಲಿಲ್ಲ.

"ಹೊಟ್ಟೆ ಉರೀತಿದೆ ಅತ್ತೆ!" ಎಂದು ಅವರು ಅರಚಿದರು. "ಇವರನ್ನ ನೋಡಿದಾಗಿನಿಂದ ಉರೀತಿದೆ! ಕಾರು ನೋಡಿ ಉರೀತು, ಕನ್ನಡಕ ನೋಡಿ ಉರೀತು, ಈ ಹಾಳು ಶೆಡ್ಡು ನೋಡಿಯೂ ಉರೀತು!"

"ದೊಡ್ಡಳಿಯಂದಿರೇ?"

ಡಾಕ್ಟರು ಹಲ್ಲು ಕಚ್ಚಿಕೊಂಡಿದ್ದರು. ಅದು ಅವರ ವೃತ್ತಿಗೆ ಒಪ್ಪುವಂಥದ್ದೇ. ಹಲ್ಲಿನ ಸಂದಿಯಿಂದ ಮಾತು ಬಂತು: "ನನಗೂ ಉರೀತಿದೆ! ನೀವು ದಿನಾ ಮಧ್ಯಾಹ್ನ ಇವನ ಸೋಫಾದ ಮೇಲೆ ಮಲಗ್ತೀರಿ. ನಮ್ಮನೇಲಿ ಕಾಫಿ ಕುಡಿದು ಒಂದು ದಿನವಾದರೂ ಕಣ್ಣು ಮುಚ್ಚಿದ್ದೀರಾ?"

ಮಾಸ್ಟರು ಬೆರಗಾಗಿ ಪಕ್ಕಕ್ಕೆ ತಿರುಗಿದರು. "ನಿಮಗೆ? ನನ್ನ ಮೇಲೆ? ಹೊಟ್ಟೆಕಿಚ್ಚಾ?"

"ಹ್ಞೂಂ! ಕೈ ಬಿಡಬೇಡವೋ ಮಾರಾಯ!"

"ಬಿಡಲ್ಲ ಅಣ್ಣ, ನೀವೂ ಬಿಡಬೇಡಿ!"

ಪಾಸ್ಟರು ಭಾವಪರವಶರಾಗಿ ತಾವೂ ಬೆಂಚಿನ ಮೇಲೆ ಕೂತುಬಿಟ್ಟರು. ದೊಡ್ಡ ಸಾಹೇಬರು ಬಾಗಿಲಲ್ಲಿ ಕತ್ತರಿ ಹಿಡಿದೇ ನಿಂತಿದ್ದರು. ಅತ್ತೆ ಅವರನ್ನೂ ಬಿಡಲಿಲ್ಲ.

"ನಿಮ್ಮದು ಹೇಗಿದೆ ಸಾಹೇಬರೇ?"

ಸಾಹೇಬರು ಕೆಮ್ಮಿದರು. ಹೆಂಡತಿ ಕೇಳಿದರೂ ಉತ್ತರಿಸದ ಮನುಷ್ಯ ಅವರು. "ಕಲ್ಲು ಸುಲಭ ಇತ್ತು ಅಜ್ಜಿ. ಅದಕ್ಕೇ ಅದನ್ನ ಆರಿಸಿದೆ" ಎಂದರು, ಕಿವಿಯವರೆಗೂ ಕೆಂಪಾಗಿ.

ಅಷ್ಟರಲ್ಲಿ ಬಡಗಿಗಳು ಚಪ್ಪರದ ಕಂಬಗಳನ್ನೇ ಕಿತ್ತುತಂದು ತೊಲೆಗೆ ಆನಿಸಿದರು. ಷಡ್ಡಕರಿಬ್ಬರೂ ಕೈ ಇಳಿಸಿದರು. ಇಳಿಸಿದರು ಎನ್ನುವುದು ಮಾತಿಗೆ. ಕೈಗಳು ಇಳಿಯಲಿಲ್ಲ. ಆಕಾಶಕ್ಕೆ ಶರಣಾದವರ ಹಾಗೆ ತೋಳೆತ್ತಿಕೊಂಡೇ ಇಬ್ಬರೂ ಹೊರಬಂದರು. ಅಕ್ಕತಂಗಿಯರು ಗಂಡಂದಿರ ಕೈಗಳನ್ನು ಎಣ್ಣೆ ತಿಕ್ಕಿ ತಿಕ್ಕಿ ಕೆಳಗೆ ತರುವ ಹೊತ್ತಿಗೆ ಮಧ್ಯಾಹ್ನ ದಾಟಿತ್ತು.

ಸಾಹೇಬರು ತಮ್ಮ ಆಯ್ಕೆ ಬದಲಿಸಿದರು. ಶೆಡ್ಡಿನ ಮಾಡು ಬಿಚ್ಚಿ, ಗೆದ್ದಲು ತಿಂದ ಭಾಗಕ್ಕೆ ಹೊಸ ಮರ ಜೋಡಿಸಿ, ಗೋಡೆಯ ಬಿರುಕಿಗೆ ಸುಣ್ಣದ ಗಾರೆ ತುಂಬಿದರು. ಕಲ್ಲಿನ ಬೇಲಿ ಹೋಯಿತು. ಮಾಸ್ಟರ ಹೆಂಡತಿ ಆ ದಿನವೇ ಮನೆಯ ಬಟ್ಟೆಯೆಲ್ಲ ಒಗೆದು ಹಾಕಿದಳು, ತೊಳೆದದ್ದನ್ನೂ ಮತ್ತೆ ತೊಳೆದಳು. ಬೆಂಚುಗಳಿಗೆ ಮೆತ್ತೆ ಹೊಲಿದುಕೊಡುತ್ತೇನೆ ಎಂದು ಮಾಸ್ಟರು ಕೇಳಿಕೊಂಡರು. "ಆಗಿನವರು ಬರೀ ಹಲಗೆ ಮೇಲೆ ಕೂರ್ತಿದ್ರು" ಎಂದು ಮೇಡಂ ಒಪ್ಪಲಿಲ್ಲ. ಪೀಠದ ಪಕ್ಕ ಒಂದು ಪ್ಲಾಸ್ಟರ್ ದವಡೆ ಇಡಲೇ ಎಂದ ಡಾಕ್ಟರಿಗೂ ಅದೇ ಗತಿ.

ಪತ್ರಿಕೆಯಲ್ಲಿ ಅಂದಿನ ಫೋಟೋ ದೊಡ್ಡದಾಗಿ ಬಂತು. ಈಗ ಅದಕ್ಕೆ ಕಟ್ಟು ಹಾಕಿ ಶೆಡ್ಡಿನ ಗೋಡೆಗೆ ತೂಗುಹಾಕಿದ್ದಾರೆ. ನಡುವೆ ಅತ್ತೆಯ ಮುಖ, ಒಂದೊಂದು ಸುಕ್ಕೂ ಸ್ಪಷ್ಟ. ಮೇಲೆ ತೊಲೆ. ತೊಲೆಯ ಕೆಳಗೆ ಧೂಳಿನಲ್ಲಿ ಮಸುಕಾದ ನಾಲ್ಕು ಕೈಗಳು. ಅಳಿಯಂದಿರ ಮುಖ ಚೌಕಟ್ಟಿನಾಚೆ ಉಳಿದುಹೋಗಿತ್ತು.

ಶನಿವಾರದ ಮಧ್ಯಾಹ್ನಗಳಲ್ಲಿ ಅತ್ತೆ ಅಲ್ಲಿ ಕೂತು ಬಂದವರಿಗೆ ಅಜ್ಜಿಯ ಕಥೆ ಹೇಳುತ್ತಾರೆ. ಶಾಲೆಯ ಮಕ್ಕಳು ಬರುತ್ತಾರೆ, ದೂರದ ಸಭೆಗಳವರು ಬರುತ್ತಾರೆ. ಕೊನೆಗೆ ಸುತ್ತ ಕೂರಿಸಿ ಆ ಪ್ರಶ್ನೆ ಕೇಳುತ್ತಾರೆ. ಊರಿನವರು ಅತ್ತೆಯನ್ನು ಕಂಡರೆ ಎದ್ದು ನಿಲ್ಲುತ್ತಾರೆ. ಷಡ್ಡಕರಿಬ್ಬರೂ ಹಿಂದಿನ ಬೆಂಚಿನಲ್ಲಿ ಅಕ್ಕಪಕ್ಕ ಕೂತು, ಈಗ ಒಟ್ಟಾಗಿ ಅತ್ತೆಯನ್ನು ನೋಡಿ ಉರಿದುಕೊಳ್ಳುತ್ತಾರೆ. ಒಬ್ಬರೇ ಉರಿಯುವುದಕ್ಕಿಂತ ಇದು ಎಷ್ಟೋ ವಾಸಿ ಎಂದು ಇಬ್ಬರೂ ಕಂಡುಕೊಂಡಿದ್ದಾರೆ.

ಆದರೂ ಫೋಟೋದ ವಿಷಯದಲ್ಲಿ ಜಗಳ ಮುಗಿದಿಲ್ಲ. ತೊಲೆಯನ್ನು ನಡುಮಧ್ಯದಲ್ಲಿ ಹಿಡಿದ ಆ ದಪ್ಪ ಕೈ ತನ್ನದೆಂದು ಇವರು, ತನ್ನದೆಂದು ಅವರು. ಮೊನ್ನೆ ಒಬ್ಬಳು ಹುಡುಗಿ ಫೋಟೋ ಮುಂದೆ ನಿಂತು, "ಇವು ಯಾರ ಕೈ ಅಜ್ಜಿ?" ಎಂದು ಕೇಳಿದಳು.

"ಒಬ್ಬ ದೊಡ್ಡಳಿಯ, ಒಬ್ಬ ಚಿಕ್ಕಳಿಯ."

"ಯಾವುದು ಯಾರದು?"

ಹಿಂದಿನ ಬೆಂಚಿನಲ್ಲಿ ಇಬ್ಬರೂ ಉಸಿರು ಬಿಗಿಹಿಡಿದರು.

"ಒಬ್ಬರು ಬಿಟ್ಟಿದ್ದರೆ ಗೊತ್ತಾಗ್ತಿತ್ತು ಮಗು" ಎಂದರು ಅತ್ತೆ. "ಇಬ್ಬರೂ ಬಿಡಲಿಲ್ಲವಲ್ಲ."

ಮಾಸ್ಟರ ಎದೆ ಉಬ್ಬಿತು. ಕಣ್ಣು ತುಸು ಒದ್ದೆಯೂ ಆಯಿತು. ಹಾಗೇ ಪಕ್ಕಕ್ಕೆ ತಿರುಗಿ ನೋಡಿದರು. ಷಡ್ಡಕನ ಎದೆಯೂ ಅಷ್ಟೇ ಉಬ್ಬಿತ್ತು. ಅದನ್ನು ಕಂಡು ಇವರದು ಸ್ವಲ್ಪ ಇಳಿಯಿತು.